ಹದಿನೆಂಟೂವರೆ ನ್ಯೂಟ್ರಾನು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸವಂತರಾಯ ಮಾಸ್ತರ ಎಂದರೆ ನಾನೇ, ನನ್ನ ಬೆತ್ತದ ರುಚಿ ಕಾಣದ ಹುಡುಗ ಜೇವರ್ಗಿ ಕಡೆ ಸಿಗುವುದೇ ಕಷ್ಟ. ಆ ಸಿಟ್ಟಿನಲ್ಲಿ ಅರ್ಧದಷ್ಟು ನನ್ನ ಅಜ್ಞಾನ ಮುಚ್ಚಲಿಕ್ಕೆ ಇತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಲವತ್ತೆರಡನೇ ಇಸವಿಯಲ್ಲಿ ಹೈದರಾಬಾದಿನಿಂದ ಹೊಸ ಉರ್ದು ವಿಜ್ಞಾನದ ಪುಸ್ತಕ ಬಂತು. ಪರಮಾಣುವಿನ ನಡುವೆ ಪ್ರೋಟಾನು, ನ್ಯೂಟ್ರಾನು ಇರುತ್ತವೆ, ಎರಡನ್ನೂ ಕೂಡಿಸಿದರೆ ಅದರ ತೂಕದ ಸಂಖ್ಯೆ ಎಂದಿತ್ತು. ಕ್ಲೋರಿನ್ನಿನ ತೂಕ ಮೂವತ್ತೈದೂವರೆ, ಪ್ರೋಟಾನು ಹದಿನೇಳು. ಕಳೆದು, ನ್ಯೂಟ್ರಾನು ಹದಿನೆಂಟೂವರೆ ಎಂದು ಹಲಗೆಯ ಮೇಲೆ ಬರೆದೆ. ಅರ್ಧ ನ್ಯೂಟ್ರಾನು ಹೇಗಿರುತ್ತದೆ ಎಂದು ಕೇಳಿದವನಿಗೆ ಬೆತ್ತ ಬಿತ್ತು.

ಇದನ್ನು ಹೊರಗಿನಿಂದ ಕೇಳಿಸಿಕೊಂಡವನು ಭಗವಂತ, ಮಣ್ಣೂರಿನ ಹೊಲಗೇರಿಯವನು, ನಮ್ಮ ಶಾಲೆಯ ಹಂಗಾಮಿ ಮಾಸ್ತರ. ಅವನು ಕಲಿಸುತ್ತಿದ್ದುದು ಶಾಲೆಯ ಹೊರಗಿನ ಕಟ್ಟೆಯ ಮೇಲೆ, ನೀರು ಕುಡಿಯುತ್ತಿದ್ದುದು ಬೇರೆ ಕೊಡದಿಂದ. ಸಂಜೆ ಎಲ್ಲರೂ ಹೋದ ಮೇಲೆ ಅವನು ಕಟ್ಟೆಯ ಮೇಲೆ ಗುಲಗಂಜಿಯ ಗಂಟು ಬಿಚ್ಚಿದ. ಕೆಂಪು ಬೀಜ ಪ್ರೋಟಾನು, ಬಿಳಿ ಬೀಜ ನ್ಯೂಟ್ರಾನು. ನಾಲ್ಕು ಗುಂಪು ಹಾಕಿದ, ಒಂದೊಂದು ಗುಂಪು ಒಂದೊಂದು ಪರಮಾಣು. ಎಲ್ಲದರಲ್ಲೂ ಕೆಂಪು ಹದಿನೇಳು. ಬಿಳಿ ಮಾತ್ರ ಮೂರರಲ್ಲಿ ಹದಿನೆಂಟು, ಒಂದರಲ್ಲಿ ಇಪ್ಪತ್ತು.

“ಅರ್ಧ ಯಾವುದರಾಗೂ ಇಲ್ರಿ ಮಾಸ್ತರ್ರ. ಮೂರರ ತೂಕ ತಲಾ ಮೂವತ್ತೈದು, ಒಂದರದು ಮೂವತ್ತೇಳು. ನಾಲ್ಕೂ ಕೂಡಿಸಿ ಸಮ ಪಾಲು ಹಾಕಿದ್ರ ಮೂವತ್ತೈದೂವರೆ ಬರ್ತದ. ಕೆಂಪು ಹದಿನೇಳು ಇದ್ರ ಮುಗೀತು, ಬಿಳಿ ಎಷ್ಟರ ಇರಲಿ, ಎಲ್ಲಾ ಕ್ಲೋರಿನ್ನೇ.”

ಇವಕ್ಕೇ ಐಸೊಟೋಪು ಅನ್ನುತ್ತಾರೆ ಎಂದೂ ಹೇಳಿಕೊಟ್ಟ. ಅವನ ನೌಕರಿ ಕಾಯಂ ಆಗುವುದು ಮುಂದಿನ ವಾರ ಬರುವ ಶಾಲಾ ಇನ್ಸ್‌ಪೆಕ್ಟರರ ಒಂದು ಮಾತಿನ ಮೇಲೆ ನಿಂತಿತ್ತು. ಇದು ನಿನ್ನಿಂದ ಕಲಿತದ್ದೆಂದು ಸಾಹೇಬರಿಗೆ ಹೇಳಿಯೇ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವನು ಹಿಂದೆ ಸರಿದ ಮೇಲೆ ಬೀಜಗಳನ್ನು ಆರಿಸಿಕೊಂಡೆ. ಅವನ ಕೈಯಿಂದ ನೇರವಾಗಿ ತೆಗೆದುಕೊಳ್ಳುವ ರೂಢಿ ನಮ್ಮಲ್ಲಿರಲಿಲ್ಲ.

ಇನ್ಸ್‌ಪೆಕ್ಟರರ ಮುಂದೆ ಅವೇ ನಾಲ್ಕು ಗುಂಪು ಹಾಕಿದೆ, ಅವೇ ಮಾತು ಹೇಳಿದೆ. ಅವರು ಶಾಬಾಶ್ ಅಂದು, ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಬಾಗಿಲಾಚೆ ಭಗವಂತ ನಿಂತಿದ್ದ. ಅವನ ಹೆಸರು ಹೇಳಿದರೆ, ನಾನು ಅವನೆದುರು ಕೂತು ಪಾಠ ಹೇಳಿಸಿಕೊಂಡದ್ದು ಊರಿಗೆಲ್ಲ ಗೊತ್ತಾಗುತ್ತಿತ್ತು.

“ನಾನೇ ಓದಿ ತಿಳಕೊಂಡೇನ್ರಿ” ಎಂದೆ.

ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ವರದಿಯಲ್ಲಿ ನನ್ನ ಹೆಸರು ಬಂತು. ತಿಂಗಳು ತುಂಬುವುದರೊಳಗೆ ಭಗವಂತನ ಹಂಗಾಮಿ ನೌಕರಿ ಮುಗಿಯಿತು.

ಊರು ಬಿಡುವ ದಿನ ಅವನು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಬದುಕುತ್ತಿದ್ದೆ. ನಾನು ಹಿಂತಿರುಗಿಸಿದ್ದ ಗುಲಗಂಜಿಯ ಗಂಟನ್ನೇ ನನ್ನ ಕಡೆಗೆ ಚಾಚಿದ.

“ಬರೋ ವರ್ಷದ ಹುಡುಗರಿಗೆ ಬೇಕಾಗ್ತಾವ್ರಿ.”

ತಪ್ಪಾಯಿತಪ್ಪಾ ಅನ್ನಲಿಕ್ಕೆಂದೇ ಬಾಯಿ ತೆರೆದೆ.

“ಅಲ್ಲೇ ಕೆಳಗಿಡು” ಎಂದಿತು ನನ್ನ ಬಾಯಿ.

ಅವನು ಕೆಳಗಿಟ್ಟ. ನಾನು ಎತ್ತಿಕೊಳ್ಳಲೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತ.