ಮೇಘಶ್ರೀಯ ಲ್ಯಾಪ್‌ಟಾಪಿನಲ್ಲಿ ಮಾತ್ರ

ಹಾಸನದ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಮೇಘಶ್ರೀ ಮತ್ತು ಶಾಂತರಾಜು ಮೊಬೈಲ್ ಆ್ಯಪ್‌ಗಳನ್ನು ಮಾಡುತ್ತಿದ್ದರು. ಕಂಪನಿ ಶುರು ಮಾಡಿದವಳು ಮೇಘಶ್ರೀ. ಅರಕಲಗೂಡಿನ ಶಾಂತರಾಜು ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನು, ಈಚೆಗೆ ಪಾಲುದಾರನಾಗಿ ಸೇರಿದವನು. ನುಗ್ಗೇಹಳ್ಳಿಯ ತೆಂಗು ಬೆಳೆಗಾರರ ಸಂಘಕ್ಕೆ ಮಾಡಿಕೊಟ್ಟ ಆ್ಯಪ್ ಅವರಿಗೆ ಒಳ್ಳೆಯ ಹೆಸರು ತಂದಿತ್ತು. ಕಾಯಿ ಕೀಳುವವರು ಯಾರ ತೋಟಕ್ಕೆ ಯಾವ ದಿನ ಬರುತ್ತಾರೆ ಎಂದು ರೈತರು ಅದರಲ್ಲೇ ನೋಡಿಕೊಳ್ಳುತ್ತಿದ್ದರು.

ಒಂದು ಸೋಮವಾರ ಸಂಘದ ಕಾರ್ಯದರ್ಶಿ ದೇವರಾಜು ಫೋನ್ ಮಾಡಿದ.

“ಮೇಡಂ, ಆ್ಯಪ್ ತೆಗೆದ್ರೆ ಅಂಗೇ ಮುಚ್ಕತದೆ. ಎಲ್ರೂ ನನ್ನೇ ಕೇಳ್ತಾವ್ರೆ. ನಾನೇನು ಏಳ್ಲಿ?”

ದೋಷ ಸಣ್ಣದು, ಒಂದು ಸಾಲು ತಿದ್ದಿದರೆ ಮುಗಿಯಿತು. ಆದರೆ ಬರೆದ ಕೋಡನ್ನು ಫೋನಿನಲ್ಲಿ ಓಡುವ ಆ್ಯಪ್ ಆಗಿ ಕಟ್ಟುವ ಕೆಲಸ, ಅವರು ‘ಬಿಲ್ಡ್’ ಎನ್ನುವುದು, ಅದುವರೆಗೂ ಮೇಘಶ್ರೀಯ ಲ್ಯಾಪ್‌ಟಾಪಿನಲ್ಲೇ ಆಗಿತ್ತು. ಅದನ್ನು ಅವಳು ಅಂದು ಬೆಳಿಗ್ಗೆ ಹೊಳೆನರಸೀಪುರದ ಬಸ್ಸಿನಲ್ಲಿ ಬಿಟ್ಟು ಇಳಿದಿದ್ದಳು. ಬ್ಯಾಗಿನಲ್ಲಿದ್ದ ಕಾರ್ಡ್ ನೋಡಿ ಫೋನ್ ಮಾಡಿದ ಕಂಡಕ್ಟರ್, ಸಂಜೆ ತಂದುಕೊಡುತ್ತೇನೆ ಎಂದಿದ್ದ.

“ಕೋಡೆಲ್ಲಾ ಸರ್ವರಲ್ಲಿ ಅದೆಯಲ್ಲ. ನನ್ ಕಂಪ್ಯೂಟರಲ್ಲೇ ಕಟ್ಟಣ,” ಎಂದ ಶಾಂತರಾಜು.

ಕಟ್ಟಲು ಹೋದರೆ ಪರದೆ ತುಂಬ ಕೆಂಪು ಅಕ್ಷರ. ಮೇಘಶ್ರೀ ಗಾಬರಿಯಿಂದ ಒಂದರ ಮೇಲೊಂದು ಸೆಟ್ಟಿಂಗ್ ಬದಲಾಯಿಸತೊಡಗಿದಳು. ಕೆಂಪು ಇನ್ನಷ್ಟು ಹೆಚ್ಚಿತು.

“ಏನೇನು ಬದಲಾಯಿಸ್ದೆ?”

“ಅದೂ ಮರೆತೋಯ್ತಣ್ಣ.”

ಇಬ್ಬರೂ ನಕ್ಕರು. ಶಾಂತರಾಜು ಎಲ್ಲವನ್ನೂ ಮೊದಲಿನಂತೆ ಮಾಡಿ, “ಕೊನೇ ಸಾಲು ಬಿಡಮ್ಮ. ಮೊದ್ಲು ಎಲ್ಲಿ ಕೆಟ್ಟಿತು ನೋಡು. ಮಿಕ್ಕಿದ್ದೆಲ್ಲಾ ಅದರಿಂದ್ಲೇ ಬಂದಿರ್ತದೆ. ಒಂದು ಸಲಕ್ಕೆ ಒಂದೇ ತಿದ್ದಣ,” ಎಂದ.

ಮೇಲಕ್ಕೆ ಸರಿಸಿ ನೋಡಿದರು. ದಿನ, ವಾರಗಳನ್ನು ಕನ್ನಡದಲ್ಲಿ ತೋರಿಸುವ ಒಂದು ಸಣ್ಣ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಸಿಗುತ್ತಿಲ್ಲ ಎಂದು ಅಲ್ಲಿ ಬರೆದಿತ್ತು. ಆ್ಯಪ್ ಶುರುವಾದ ಕಾಲದಲ್ಲಿ ಮೇಘಶ್ರೀ ಅದನ್ನು ಇಂಟರ್‌ನೆಟ್‌ನಿಂದ ಇಳಿಸಿ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದಳು. ಏನೇನು ಬೇಕು ಎಂದು ಬಿಲ್ಡಿಗೆ ತಿಳಿಸುವ ಫೈಲಿನಲ್ಲಿ ಅದರ ಹೆಸರೇ ಇರಲಿಲ್ಲ. ಈಗ ಹೆಸರು ಸೇರಿಸಿದರು. ಬಿಲ್ಡ್ ಆಯಿತು. ಊಟದ ಹೊತ್ತಿಗೆ ಹೊಸ ಆ್ಯಪ್ ಎಲ್ಲರ ಫೋನಿಗೂ ಹೋಯಿತು.

ಮಧ್ಯಾಹ್ನ ಸಂಘದ ಹಿರಿಯ ಸದಸ್ಯೆ ಚಿಕ್ಕಲಕ್ಷ್ಮಮ್ಮನ ಫೋನ್ ಬಂತು.

“ಈಗ ತೆಗೀತದೆ ಕಣವ್ವ. ಆದ್ರೆ ವಾರ ಎಲ್ಲಾ ಇಂಗ್ಲೀಸಲ್ಲಿ ಬಂದ್ಬುಟ್ಟವೆ. ನಮ್ ತ್ವಾಟದ ಮುಂದೆ ಬರೀ ‘ಟಿ’ ಅಂತ ಅದೆ. ಮಂಗಳವಾರವೋ ಗುರುವಾರವೋ? ದೇವರಾಜನ್ನ ಕೇಳಿದ್ರೆ ಅವನೂ ತಲೆ ಕೆರ್ಕತಾನೆ.”

ಮೇಘಶ್ರೀ ಹಣೆ ಚಚ್ಚಿಕೊಂಡಳು. ಲೈಬ್ರರಿಯ ಯಾವ ಆವೃತ್ತಿ ಬೇಕೆಂದು ಅವರು ಬರೆದಿರಲಿಲ್ಲ. ಬಿಲ್ಡ್ ತಾನಾಗಿ ತೀರ ಹೊಸದನ್ನು ತಂದುಕೊಂಡಿತ್ತು, ಹೊಸದರಲ್ಲಿ ಕನ್ನಡವನ್ನು ಬೇರೆಯಾಗಿ ಕೇಳಬೇಕಿತ್ತು.

ಸಂಜೆ ಕಂಡಕ್ಟರ್ ಬ್ಯಾಗ್ ತಂದುಕೊಟ್ಟು, ಬೇಕರಿಯ ಕಾಫಿ ಕುಡಿದು ಹೋದ. ಲ್ಯಾಪ್‌ಟಾಪ್ ತೆರೆದು ಹಳೆಯ ಆವೃತ್ತಿಯ ಸಂಖ್ಯೆ ನೋಡಿ ಅದನ್ನೇ ಖಚಿತವಾಗಿ ಬರೆದರು.

“ಇನ್ನು ನನ್ನದರಲ್ಲೇ ಕಟ್ಟಿ ಕಳಿಸ್ಬಿಡ್ಲಾ?” ಎಂದಳು ಮೇಘಶ್ರೀ.

“ಬೇಡ. ನಿನ್ನದರಲ್ಲೂ ಬೇಡ, ನನ್ನದರಲ್ಲೂ ಬೇಡ. ಏನೂ ಇಲ್ಲದ ಕಡೆ ಕಟ್ಟಣ. ಅಲ್ಲಿ ಆದ್ರೆ ಎಲ್ಲಾದ್ರೂ ಆಯ್ತದೆ.”

ಬಾಡಿಗೆಗೆ ಖಾಲಿ ಸರ್ವರೊಂದನ್ನು ತೆಗೆದುಕೊಂಡು ಅಲ್ಲಿ ಕಟ್ಟಿದರು. ಮತ್ತೊಂದು ತಪ್ಪು ಸಿಕ್ಕಿತು: ಚಿತ್ರಗಳಿರುವ ಜಾಗ ಎಂದು ಶಾಂತರಾಜು ಬೆಳಿಗ್ಗೆ ಕಟ್ಟುವಾಗ ತನ್ನದೇ ಕಂಪ್ಯೂಟರಿನ ಫೋಲ್ಡರನ್ನು ಬರೆದಿಟ್ಟಿದ್ದ.

“ಇದ್ಯಾರಣ್ಣ ಬರೆದಿದ್ದು?” ಎಂದಳು ಮೇಘಶ್ರೀ, ಮುಖ ಗಂಟಿಕ್ಕಿಕೊಂಡು. ಅವನು ಅದನ್ನು ತಿದ್ದಿದ. ಬಿಲ್ಡ್ ಹಸಿರಾಯಿತು, ತಿದ್ದಿದ ಆ್ಯಪ್ ಎಲ್ಲರ ಫೋನಿಗೂ ಹೋಯಿತು. ಕೋಡ್ ಬದಲಾದಾಗಲೆಲ್ಲ ಅಲ್ಲೇ, ಖಾಲಿಯಿಂದಲೇ ಬಿಲ್ಡ್ ಆಗುವಂತೆ ಮಾಡಿ ಮನೆಗೆ ಹೊರಟರು.

ಮರುದಿನ ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಮತ್ತೆ ಫೋನ್ ಮಾಡಿದಾಗ ಹಿನ್ನೆಲೆಯಲ್ಲಿ ಕಾಯಿ ಧೊಪ್ಪನೆ ಬೀಳುವ ಸದ್ದು ಕೇಳುತ್ತಿತ್ತು.

“ಮಂಗಳವಾರವೇ ಆಗಿತ್ತು ಕಣವ್ವ, ಬಂದವ್ರೆ. ಅದ್ಸರಿ, ಬರೋರು ಎಷ್ಟು ಜನ ಅಂತ್ಲೂ ಅದರಲ್ಲಿ ಆಕು. ನಾನು ಇಬ್ಬರಿಗೆ ಮುದ್ದೆ ಮಾಡಿವ್ನಿ, ಇಲ್ಲಿ ಐದು ಜನ ಅವ್ರೆ.”