ತಳ ಹಿಡಿಯದ ಬೋಗುಣಿ

ಸೂಗಮ್ಮನ ಮದುವೆಯಲ್ಲಿ ಗಂಡನ ಅಣ್ಣನ ಹೆಂಡತಿ, ಹಿರಿ ನೆಗೆಣ್ಣಿ ಗೊಲ್ಲಾಳಮ್ಮ ಆಯೇರಿಯ ಉಡುಗೊರೆ ಎಂದು ಒಂದು ಬೋಗುಣಿ ಕೊಟ್ಟಿದ್ದಳು. ಅದು ಕಾಗದದಷ್ಟು ತೆಳು. ಆಗಷ್ಟೇ ಕಾಲುವೆ ನೀರು ಹರಿದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ದೋರನಹಳ್ಳಿಯ ಒಲೆಗಳ ಮೇಲೆ ದಿನಾ ಅನ್ನ ಬೇಯತೊಡಗಿದ್ದ ಕಾಲ. ಸೂಗಮ್ಮ ಎಷ್ಟೇ ಕಾದು ಕೂತರೂ ಆ ಬೋಗುಣಿಯಲ್ಲಿ ಅನ್ನ ತಳ ಹಿಡಿಯುತ್ತಿತ್ತು. "ಈಕಿಗಿ ರೊಟ್ಟಿ ಬಡಿಯೋದು ಬಿಟ್ರ ಏನೂ ಬರಂಗಿಲ್ಲ ನೋಡ್ರಿ," ಎಂದು ಗೊಲ್ಲಾಳಮ್ಮ ಉಣ್ಣಲು ಕೂತ ಬೀಗರ ಮುಂದೆಯೇ ಆಡಿಕೊಂಡಿದ್ದಳು.

ಆ ಮಾತು ಸೂಗಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈಗ ಗೊಲ್ಲಾಳಮ್ಮ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದಳು. ಸೂಗಮ್ಮ ಶಹಾಪುರದ ಪಾತ್ರೆ ಅಂಗಡಿಗೆ ಹೋಗಿ, ಒಂದೊಂದೇ ಬೋಗುಣಿಯ ತಳ ಬಡಿದು, ಕೈಯಲ್ಲಿ ತೂಗಿ ನೋಡಿ, ಭಾರದ್ದೊಂದನ್ನು ಆರಿಸಿದಳು.

"ಹೆಸರು ಏನಂತ ಕೊರೀಲಿ, ಅಕ್ಕಾರ?" ಅಂಗಡಿಯ ಚನ್ನಯ್ಯ ಕೇಳಿದ.

"ತಳ ಹಿಡಿಯೋ ಬೋಗುಣಿ ಕೊಟ್ಟ ಗೊಲ್ಲಾಳಮ್ಮಗ ತಳ ಹಿಡೀಲಾರದ ಬೋಗುಣಿ, ಸೂಗಮ್ಮನ ಆಯೇರಿ, ಅಂತ ಕೊರೀರಿ. ಯಾರ ಆಯೇರಿ ಏನಂತ ಮಂದಿ ಮುಂದ ಮೈಕಿನಾಗ ಓದ್ತಾರ, ಅಕ್ಷರ ದೊಡ್ಡವು ಇರ್ಲಿ. ಎಷ್ಟು ವರ್ಷ ಇರ್ತಾವ ಅವು?"

"ಬೋಗುಣಿ ಇರೋ ತನಕ ಇರ್ತಾವ್ರಿ."

ಸೂಗಮ್ಮ ಆರಿಸಿದ್ದನ್ನು ಪಕ್ಕಕ್ಕೆ ಸರಿಸಿದಳು.

"ಹಂಗಾರ ಇದಕ್ಕಿಂತ ದಪ್ಪಂದು ತೋರಸ್ರಿ."