ಹೆಸರು ಹೇಳದ ಮೈದುನ

ಉಪ್ಪು ಬೇಕಾದಾಗಲೂ ಅವನು ಮೊದಲು ಎಡಕ್ಕೆ ನೋಡುತ್ತಿದ್ದ, ಆಮೇಲೆ ಬಲಕ್ಕೆ. ಮೇಜಿನ ಸುತ್ತ ಕುಳಿತವರೆಲ್ಲ ತನ್ನ ಸ್ವಂತ ರಕ್ತಸಂಬಂಧಿಗಳೇ ಎಂಬುದು ಖಚಿತವಾದ ಮೇಲೂ ಪೂರ್ತಿ ನಂಬಿಕೆ ಬಾರದವನಂತೆ ಗದ್ದವನ್ನು ಎದೆಗೊತ್ತಿಕೊಂಡು, "ಆ ಬಿಳೀದು ಸ್ವಲ್ಪ ಈ ಕಡೆ ಬರಬಹುದಾ?" ಎಂದು ಪಿಸುಗುಟ್ಟುತ್ತಿದ್ದ. ಸಕ್ಕರೆಯ ಡಬ್ಬಿ ಮುಂದೆ ಬಂದರೆ ಅದನ್ನೇ ಮೌನವಾಗಿ ಹಾಕಿಕೊಂಡು ಉಣ್ಣುವಷ್ಟು ಅವನ ಗೌಪ್ಯನಿಷ್ಠೆ ಗಟ್ಟಿಯಾಗಿತ್ತು.

ಅತ್ತಿಗೆಗೆ ಇದು ಅರ್ಥವಾಗುತ್ತಿರಲಿಲ್ಲ. ಅವಳು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಈ ಮೈದುನ ಶಾಲೆಯ ಚೀಲ ಎಳೆದುಕೊಂಡು ಓಡಾಡುವ ಹುಡುಗ. ಬಿದ್ದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ, ಗೆದ್ದರೆ ಎರಡು ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಆ ಗಂಟಲನ್ನು ನುಂಗಿದ್ದು ಅವನ ಕಸುಬು. ಕಂಪನಿಗಳನ್ನು ಮಾರುವವರಿಗೂ ಕೊಳ್ಳುವವರಿಗೂ ಬುದ್ಧಿ ಹೇಳುವ ಕಸುಬದು; ಅದಕ್ಕೂ ಬ್ಯಾಂಕೆಂದೇ ಹೆಸರು. ಯಾವ ಕಂಪನಿ ಮಾರಾಟಕ್ಕಿದೆಯೆಂದು ಹೊರಗೆ ತಿಳಿದರೆ ಕೆಲಸಗಾರರು ಹೆದರುತ್ತಾರೆ, ಗಿರಾಕಿಗಳು ಜಾರುತ್ತಾರೆ. ಆದ್ದರಿಂದ ಆ ಕಸುಬಿನಲ್ಲಿ ಪ್ರತಿ ವ್ಯವಹಾರಕ್ಕೂ ಹಕ್ಕಿಯದೋ ಹೂವಿನದೋ ಒಂದು ಗುಪ್ತನಾಮ ಇಟ್ಟು, ನಿಜವಾದ ಹೆಸರನ್ನು ಹೂತುಬಿಡುತ್ತಾರೆ. ಕಚೇರಿಯಲ್ಲಿ ಅದು ನ್ಯಾಯವೇ. ಇವನು ಅದನ್ನು ಮನೆಗೂ ತಂದ, ಆಸ್ಪತ್ರೆಗೂ ಒಯ್ದ, ತರಕಾರಿ ಅಂಗಡಿಯ ಮುಂದೆಯೂ ನಿಲ್ಲಿಸಿದ. ಹಲ್ಲುನೋವೆಂದು ಹೋಗಿ, ಯಾವ ಹಲ್ಲು ಎಂದು ವೈದ್ಯರು ಕೇಳಿದರೆ, ಬಾಗಿಲ ಕಡೆ ತಿರುಗಿ ನೋಡಿದ ಪುಣ್ಯಾತ್ಮ.

"ನಿಮಗೇನು ಅಕ್ಕ, ಆಗೊಮ್ಮೆ ಈಗೊಮ್ಮೆ ನೋಡ್ತೀರಿ," ಎಂದು ಅವನ ಹೆಂಡತಿ, ಅತ್ತಿಗೆಯ ಓರಗಿತ್ತಿ, ಗೊಣಗುತ್ತಿದ್ದಳು. "ನಾನು ಇದರ ಜೊತೆ ಸಂಸಾರ ಮಾಡ್ಬೇಕು. ಫೋನಲ್ಲಿ ನನ್ನ ಬಗ್ಗೆ ಹೇಳೋವಾಗ 'ಹೆಂಡ್ತಿ' ಅನ್ನಲ್ಲ. 'ಸಂಬಂಧಪಟ್ಟವರು' ಅಂತಾರೆ. ಸಂಬಂಧಪಟ್ಟವರನ್ನ ಕೇಳಿ ಹೇಳ್ತೀನಿ ಅಂತಾರೆ!"

"ಅಷ್ಟಾದ್ರೂ ಸಂಬಂಧ ಒಪ್ಕೊಂಡಿದ್ದಾನಲ್ಲ, ಸುಮ್ನಿರು," ಎನ್ನುತ್ತಿದ್ದಳು ಅತ್ತಿಗೆ.

ಕಪ್ಪೆಂದರೆ ಕಪ್ಪಲ್ಲ, ನೀಲಿಯೆಂದರೆ ನೀಲಿಯಲ್ಲದ ಒಂದು ಕೋಟು ಅವನಿಗಿತ್ತು. ಬೆವರು ಕಿತ್ತು ಬರುವ ಮಧ್ಯಾಹ್ನದಲ್ಲೂ ಅದನ್ನು ಗೂಟಕ್ಕೆ ಹಾಕಿದವನಲ್ಲ; ಒಳಜೇಬಿನಲ್ಲಿ ಕಾಗದವಿದೆ, ಗೂಟಕ್ಕೆ ಕಣ್ಣಿಲ್ಲವೆಂದು ಯಾರು ಹೇಳಬೇಕು! ನಡೆಯುವಾಗ ಗೋಡೆಯ ಮಗ್ಗುಲು ಬಿಡುತ್ತಿರಲಿಲ್ಲ. ಫೈಲನ್ನು ಎದೆಗೆ ಒಳಮುಖವಾಗಿ ಅಪ್ಪಿಕೊಂಡು, ನಿದ್ದೆಹೋದ ಮಗುವನ್ನು ಎತ್ತಿಕೊಂಡವರ ಹಾಗೆ ಹೆಜ್ಜೆಯ ಸದ್ದಾಗದಂತೆ ಸಾಗುತ್ತಿದ್ದ. ಪ್ರತಿ ಮಾತಿನ ಕೊನೆಗೂ ಒಂದು ಬಾಲವಿತ್ತು: "ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ." ನಾಳೆ ಮಳೆ ಬರಬಹುದೆಂದು ಹೇಳಿದರೂ ಆ ಬಾಲ ತಪ್ಪುತ್ತಿರಲಿಲ್ಲ.

ಒಮ್ಮೆ ಅತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಬ್ಯಾಂಕು ಬ್ಯಾಂಕು ಅಂತೀಯಲ್ಲ, ನಿನ್ನ ಬ್ಯಾಂಕಲ್ಲಿ ದುಡ್ಡಿಡೋ ಪೆಟ್ಟಿಗೆ ಎಲ್ಲಿದೆಯೋ?"

"ಇಲ್ಲ ಅತ್ತಿಗೆ. ನಾವು ದುಡ್ಡು ಇಟ್ಕೊಳ್ಳಲ್ಲ. ಸಾಲಾನೂ ಕೊಡಲ್ಲ."

"ಮತ್ತೇನು ಕೊಡ್ತೀರಿ?"

"ಸಲಹೆ."

"ದುಡ್ಡಿಲ್ದ ಬ್ಯಾಂಕಾ! ಹಾಲಿಲ್ದ ಹಾಲಿನಂಗಡಿ ಅನ್ನು."

ಅವನಿಗೆ ನಾಟಿತು. ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕುಳಿತು, ಜೀವಮಾನದಲ್ಲಿ ಅಪರೂಪಕ್ಕೆ, ಸುದೀರ್ಘವಾಗಿ ಮಾತಾಡಿದ. ಜಗತ್ತಿನಲ್ಲಿ ಇಂಥ ಬ್ಯಾಂಕುಗಳು ನಾನಾ ಬಗೆಯವಂತೆ. ಮೊದಲನೆಯವರು ದೈತ್ಯರು: ಎಲ್ಲ ಮಹಾನಗರಗಳಲ್ಲೂ ಗಾಜಿನ ಗೋಪುರ ಕಟ್ಟಿಕೊಂಡು, ಸಾಲ ಕೊಡುವುದು, ಕಂಪನಿಗಳ ಷೇರನ್ನು ಜನರಿಗೆ ಮಾರಿಕೊಡುವುದು, ತಾವೇ ಕೊಂಡು ಮಾರುವುದು, ಜೊತೆಗೆ ಬುದ್ಧಿಯನ್ನೂ ಹೇಳುವುದು, ಹೀಗೆ ಸಕಲವನ್ನೂ ಒಂದೇ ಸೂರಿನಡಿ ಮಾಡುವವರು. ಎರಡನೆಯವರು ನಡುಗಾತ್ರದವರು, ದೈತ್ಯರು ಬಗ್ಗಿ ಎತ್ತಿಕೊಳ್ಳದ ಮಧ್ಯಮ ಕಂಪನಿಗಳ ಕೆಲಸ ಅವರಿಗೆ. ಮೂರನೆಯವರು ಇವನಂಥವರು, ಮೂರ್ನಾಲ್ಕು ಜನರ ಪುಟ್ಟ ಸಂಸ್ಥೆಗಳು. ಸಾಲವನ್ನು ತಲೆಗೆ ಕಟ್ಟುವ ಹಂಗಿಲ್ಲವಾದ್ದರಿಂದ ತಮ್ಮ ಸಲಹೆಯೇ ಪರಿಶುದ್ಧವೆಂದು ನಂಬಿದವರು. ಅವರೊಳಗೇ ಹಡಗಿನ ವ್ಯಾಪಾರವೊಂದನ್ನೇ ಬಲ್ಲವರು, ಆಸ್ಪತ್ರೆಗಳನ್ನಷ್ಟೇ ಮಾರಿಸುವವರು ಎಂಬ ಉಪಪಂಗಡಗಳು. ಇವರೆಲ್ಲರ ಪಕ್ಕದಲ್ಲಿ, ಲೆಕ್ಕಪರಿಶೋಧನೆ ಮಾಡುತ್ತಾ ಮಾಡುತ್ತಾ ಸಲಹೆಗೂ ಕೈಹಾಕಿದವರು.

ಅತ್ತಿಗೆ ಕೊನೆಯವರೆಗೂ ಕೇಳಿದಳು. ಅವಳಿಗೆ ಕೇಳುವುದು ಬರುತ್ತಿತ್ತು.

"ಅರ್ಥ ಆಯ್ತು ಬಿಡು. ಮೊದಲನೆಯವನು ಬಟ್ಟೆ ಮಾರಿ, ಹೊಲಿದೂ ಕೊಟ್ಟು, ಕೊಳ್ಳೋಕೆ ಸಾಲಾನೂ ಕೊಡೋ ದೊಡ್ಡ ಅಂಗಡಿ. ಎರಡನೆಯವನು ಬೀದಿ ಮೂಲೆಯ ಜವಳಿಯವನು. ನೀನು ಬಟ್ಟೆ ಇಲ್ದೇ ಇರೋ ದರ್ಜಿ. ಅಳತೆ ತಗೊಂಡು ಕಳಿಸ್ತೀಯ."

"ಒಂದು ರೀತಿಯಲ್ಲಿ ಸರಿ," ಎಂದ ಅವನು. ತಕ್ಷಣವೇ, "ನಾನೇನೂ ಹೇಳಿಲ್ಲ," ಎಂದ.

ಈ ದರ್ಜಿಯ ಕೈಗೆ ಅತ್ತಿಗೆ ತನ್ನ ಕಾರ್ಖಾನೆಯನ್ನು ಕೊಡಬೇಕಾಗಿ ಬಂದದ್ದು ಮಂಡಿನೋವಿನ ದೆಸೆಯಿಂದ. ಗಂಡ ಬಿಟ್ಟುಹೋದ ಆ ಕಾರ್ಖಾನೆಯಲ್ಲಿ ಸಣ್ಣ ಗಾಲಿಗಳು ತಯಾರಾಗುತ್ತಿದ್ದವು, ಆಸ್ಪತ್ರೆಯ ಮಂಚದಡಿ, ಕಚೇರಿಯ ಕುರ್ಚಿಯಡಿ, ಸಾಮಾನು ತಳ್ಳುವ ಬಂಡಿಯಡಿ ಇರುವಂಥವು. ರಬ್ಬರು ಕಾಯಿಸಿ ಅಚ್ಚಿಗೆ ಹಾಕುವ ಹಾಲ್‌ನಲ್ಲಿ ನಲವತ್ತು ಚಿಲ್ಲರೆ ಜನ. ಅವರಲ್ಲಿ ಹೆಚ್ಚಿನವರು ತಲೆ ನರೆಸಿಕೊಂಡದ್ದು ಆ ಶಾಖದಲ್ಲೇ. ಅವರ ಮೇಲೊಬ್ಬ ಮೇಸ್ತ್ರಿ, ಯಂತ್ರದ ಸದ್ದಿಗೆ ಒಂದು ಕಿವಿ ಮಂದವಾಗಿ, ಯಾರು ಮಾತಾಡಿಸಿದರೂ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಒಳ್ಳೆಯ ಕಿವಿಯನ್ನು ಮುಂದೊಡ್ಡುವವನು. ಗಂಡ ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ತಾನೇ ನಿಂತು ನಡೆಸಿದಳು. ಈಗ ನಿಲ್ಲುವುದೇ ಕಷ್ಟವಾಗಿತ್ತು.

"ಮಾರಿಕೊಡು," ಎಂದಳು ಮೈದುನನಿಗೆ. "ಆದ್ರೆ ಒಂದು ಮಾತು. ಜನರನ್ನ ಕೆಲಸದಿಂದ ಬಿಡಿಸೋರಿಗೆ ಕೊಡಲ್ಲ. ಆ ಹಾಲ್ ಮುಚ್ಚೋರಿಗೆ ಕೊಡಲ್ಲ. ಇಷ್ಟೇ. ಕೇಳಿಸ್ತಾ?"

"ಕೇಳಿಸ್ತು ಅತ್ತಿಗೆ. ಇವತ್ತಿಂದ ಇದರ ಹೆಸರು ಕೊಕ್ಕರೆ."

"ಯಾವುದರದು?"

"ನಿಮ್ಮ ಕಾರ್ಖಾನೆದು. ಇನ್ಮೇಲೆ ಮನೇಲೂ ಹಾಗೇ ಅನ್ಬೇಕು."

ಅಲ್ಲಿಂದ ಶುರುವಾಯಿತು ಕೊಕ್ಕರೆಯ ಕಥೆ. ವಾರ ಕಳೆಯಿತು, ತಿಂಗಳು ಕಳೆಯಿತು. ಯಾರಾದರೂ ಕೇಳಿದರೇ? "ಕೊಕ್ಕರೆ ಹಾರ್ತಾ ಇದೆ." ಯಾರು ಕೇಳಿದ್ದು? "ಪಾರ್ಟಿಗಳು." ಏನು ಬರೆದು ಕಳಿಸಿದೆ, ತೋರಿಸು? "ಬೇಡ ಅತ್ತಿಗೆ. ನೋಡಿದ್ರೆ ನಿಮ್ಮ ಮುಖದಲ್ಲಿ ಗೊತ್ತಾಗ್ಬಿಡತ್ತೆ." ಸ್ವಂತ ಕಾರ್ಖಾನೆಯ ಸುದ್ದಿಯನ್ನು ಅದರ ಒಡತಿಯಿಂದಲೇ ಬಚ್ಚಿಟ್ಟ ಸಲಹೆಗಾರ ಅವನೊಬ್ಬನೇ ಇರಬೇಕು. ಮನೆಯವನಲ್ಲವೇ, ಕಸುಬು ಬಲ್ಲವನಲ್ಲವೇ, ಎಂದು ಅತ್ತಿಗೆ ತನಗೆ ತಾನೇ ಹೇಳಿಕೊಂಡಳು.

ಹೀಗಿರುವಾಗ ಒಂದು ಬೆಳಿಗ್ಗೆ ಕಾರ್ಖಾನೆಯ ಬಾಗಿಲಿಗೆ ಹೊಳೆಯುವ ಕಾರಿನಲ್ಲಿ ಬಂದಿಳಿದವನು ದೈತ್ಯ ಬ್ಯಾಂಕೊಂದರ ಅಧಿಕಾರಿ. ಬೂಟಿಗೆ ರಬ್ಬರಿನ ಪುಡಿ ಮೆತ್ತೀತೆಂದು ತುದಿಗಾಲಲ್ಲಿ ಹಾಲ್ ದಾಟಿ, ಅತ್ತಿಗೆಯ ಕೋಣೆಯಲ್ಲಿ ಕುಳಿತು, ಎರಡು ಬದಿಗೂ ಅಚ್ಚಾದ ಒಂದು ಹಾಳೆಯನ್ನು ಅವಳ ಮುಂದಿಟ್ಟ.

"ಒಂದೊಳ್ಳೆ ಕಂಪನಿ ಮಾರಾಟಕ್ಕೆ ಬಂದಿದೆ ಮೇಡಂ. ನಿಮ್ಮ ಕಸುಬಿಗೆ ಹತ್ತಿರದ್ದು. ಯಾರದು ಅಂತ ನಮಗೂ ಗೊತ್ತಿಲ್ಲ, ಈ ಹಂತದಲ್ಲಿ ಹೇಳಲ್ಲ. ನೀವು ಕೊಳ್ಳೋದಾದ್ರೆ ಸಾಲ ನಾವೇ ಕೊಡ್ತೀವಿ. ಓದಿ ನೋಡಿ." ಬಂದ ಹಾಗೆಯೇ ತುದಿಗಾಲಲ್ಲಿ ಹೋದ.

ಅತ್ತಿಗೆ ಕನ್ನಡಕ ಏರಿಸಿ ಓದಿದಳು. 'ಒಳಾಂಗಣ ಚಲನಶೀಲತೆಯ ಕ್ಷೇತ್ರದಲ್ಲಿ ನೆಲೆಯೂರಿದ ಪ್ರತಿಷ್ಠಿತ ಉದ್ಯಮ' ಎಂದು ಮೊದಲ ಸಾಲು. ಅದೇನೆಂದು ತಿಳಿಯಲಿಲ್ಲ, ಮುಂದೆ ಹೋದಳು. ಗಿರಾಕಿಗಳು ಹಳಬರು, ಮಾಲಿಗೆ ತಕರಾರಿಲ್ಲ. ಕೆಲಸಗಾರರು ದಶಕಗಳಿಂದ ನಿಷ್ಠರು, ಆದರೆ ವಯಸ್ಸಾದವರು. ಹೊಸ ಯಂತ್ರ ತಂದರೆ ಅರ್ಧದಷ್ಟು ಮಂದಿಯನ್ನು ಕಡಿಮೆ ಮಾಡುವ ಅವಕಾಶವಿದೆ. ಕಟ್ಟಡ ರಸ್ತೆಯ ಮೂಲೆಯಲ್ಲಿದೆ. ತೆರವು ಮಾಡಿದರೆ ಜಾಗಕ್ಕೇ ಹೆಚ್ಚು ಬೆಲೆ.

ಅವಳು ಮೇಸ್ತ್ರಿಯನ್ನು ಕರೆದಳು; ಹಾಲ್‌ನಲ್ಲಿ ಮಾರಾಟದ ಸುದ್ದಿ ಬಲ್ಲವನು ಅವನೊಬ್ಬನೇ.

"ನೋಡಿದ್ಯಾ ಮೇಸ್ತ್ರಿ, ಯಾರೋ ಪಾಪ, ನಮ್ಮಂಥವರೇ. ಜೀವ ತೇದವರನ್ನ ಅರ್ಧಕ್ಕರ್ಧ ಬಿಡಿಸಿ ಅಂತ ಅಚ್ಚು ಹಾಕಿಸಿದ್ದಾರೆ. ಆ ಮಾಲೀಕರಿಗೆ ಕರುಳು ಅನ್ನೋದು ಇಲ್ವಾ?"

"ಇರಲ್ಲ ಬಿಡಿ ಅಮ್ಮಾವ್ರೇ," ಎಂದ ಮೇಸ್ತ್ರಿ, ಒಳ್ಳೆಯ ಕಿವಿಯನ್ನು ಈ ಕಡೆ ತಿರುಗಿಸಿ. "ನಿಮ್ಮಂಥೋರು ಎಲ್ಲಿ ಸಿಗ್ತಾರೆ."

"ನಾವೇ ತಗೊಂಡ್ಬಿಟ್ರೆ ಹೇಗೆ? ಮಾರೋದು ಆಮೇಲೆ ನೋಡೋಣ. ಆ ಜನರಾದ್ರೂ ಉಳೀತಾರೆ."

"ನಿಮ್ಮ ಕಾಲು…"

"ಕಾಲು ಹಾಳಾಗ್ಲಿ."

ಹಾಗೆನ್ನುತ್ತಲೇ ಹಾಳೆ ಮಗುಚಿದಳು. ಹಿಂಬದಿಯಲ್ಲಿ, ಕೊನೆಯಿಂದ ಎರಡನೆಯ ಸಾಲು: 'ಪತಿಯ ನಿಧನದ ನಂತರ ಸಂಸ್ಥೆಯನ್ನು ನಡೆಸಿಕೊಂಡು ಬಂದಿರುವ ವಯೋವೃದ್ಧ ಒಡತಿಯು ತೀವ್ರ ಮಂಡಿನೋವಿನ ಕಾರಣ ಬೇಗನೆ ಮಾರುವ ಆತುರದಲ್ಲಿದ್ದಾರೆ.' ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಕೊಕ್ಕರೆ.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. ಏನಾಯಿತೆಂದು ಮೇಸ್ತ್ರಿ ಕೇಳಿದ. ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಹಾಲ್‌ನ ಆ ತುದಿಯಲ್ಲಿ ಒಬ್ಬ ಕೆಲಸಗಾರ, ಈಗಷ್ಟೇ ಅಚ್ಚಿನಿಂದ ತೆಗೆದ ಗಾಲಿಯನ್ನು ಊದಿ ಊದಿ ಆರಿಸುತ್ತಿದ್ದ.

ಮೈದುನನ ಕಚೇರಿ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಸೇರಿಸಿಕೊಂಡು ಅತ್ತಿಗೆ ಮೇಲೇರಿದಳು. ಒಳಗೆ ಎರಡು ಕೋಣೆ, ಪರದೆ ಎಳೆದ ಕಿಟಕಿಗಳು, ಕಪಾಟಿನಲ್ಲಿ ಗಾಜಿನಂಥ ಪಾರದರ್ಶಕ ಬಿಲ್ಲೆಗಳ ಸಾಲು. ಮುಗಿದುಹೋದ ವ್ಯವಹಾರಗಳ ನೆನಪಿಗೆ ಮಾಡಿಸಿದವು ಅವು. ಕೊಂಡವರ, ಮಾರಿದವರ ನಿಜವಾದ ಹೆಸರು ಕೊನೆಗೂ ಬೆಳಕು ಕಾಣುವುದು ಅಲ್ಲಿ ಮಾತ್ರ. ಆ ಕಸುಬಿನವರೇ ಅವನ್ನು ಗೋರಿಕಲ್ಲು ಎನ್ನುತ್ತಾರಂತೆ.

ಹಾಳೆ ಕಂಡವನೇ ಅವನು ಎದ್ದು ಬಾಗಿಲ ಚಿಲಕ ಹಾಕಿದ.

"ಇದನ್ನ ನಿಮಗೆ ಯಾರು ಕೊಟ್ರು?"

"ಅದಿರ್ಲಿ. ಈ ಮಂಡಿ ಯಾರದು?"

"ಅತ್ತಿಗೆ, ನಾನು ಬ್ಯಾಂಕುಗಳಿಗೆ ಕೊಟ್ಟೆ, ಅವು ತಮ್ಮ ಪಟ್ಟಿಯಲ್ಲಿರೋ ಗಿರಾಕಿಗಳಿಗೆ ಮಾತ್ರ… ನಿಮ್ಮ ಹೆಸರನ್ನ ಆ ಪಟ್ಟಿಯಿಂದ ತೆಗೀಬೇಕು ಅಂತ ನನಗೆ ಹೊಳೀಲೇ ಇಲ್ಲ. ತೆಗೀರಿ ಅಂತ ಹೇಳಿದ್ರೆ ಇದು ನಿಮ್ಮದೇ ಅಂತ ಅವರಿಗೆ ಗೊತ್ತಾಗ್ತಿತ್ತು, ಹೇಳದಿದ್ರೆ…"

"ಮಂಡಿ ಯಾರದು ಕಣೋ?"

ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಒಡತಿಯದು."

"ಜನರನ್ನ ಬಿಡಿಸಲ್ಲ ಅನ್ನೋರಿಗೇ ಕೊಡ್ಬೇಕು ಅಂದಿದ್ನಲ್ಲ. ಎಲ್ಲಿ ಬರೆದಿದ್ದೀಯ?"

"ಷರತ್ತನ್ನ ಕೊನೇಲಿ ಹೇಳೋದು ನಮ್ಮ ಪದ್ಧತಿ. ಮೊದಲು ಆಸೆ ಹುಟ್ಬೇಕು. ವ್ಯವಹಾರ ಆದ್ರೆ ತಾನೇ ನಮಗೂ…"

"ಆಸೆ ಹುಟ್ಟಿತು ಮಾರಾಯ. ನನಗೇ ಹುಟ್ಟಿತು. ಆ ಅನಾಥರನ್ನ ನಿನ್ನ ಕೈಯಿಂದ ಬಿಡಿಸ್ಕೊಳ್ಳೋಣ ಅಂತ ನನ್ನ ಕಾರ್ಖಾನೆಯನ್ನ ನಾನೇ ಕೊಳ್ಳೋಕೆ ಹೊರಟಿದ್ದೆ!"

ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೊಡ್ಡಿದ. ಕಣ್ಣಲ್ಲಿ ನೀರಿತ್ತು. "ಹೆಸರು ಎಲ್ಲೂ ಇಲ್ಲ ಅತ್ತಿಗೆ. ಹುಡುಕಿ ನೋಡಿ. ನಿಮ್ಮದು, ಅಣ್ಣಂದು, ಕಾರ್ಖಾನೇದು, ಒಂದಕ್ಷರ ಇದ್ರೆ ನನ್ನ ಕೇಳಿ. ನಿಮ್ಮನ್ನ ನಾನು ಬಿಟ್ಟುಕೊಟ್ಟಿಲ್ಲ."

ಅವನು ಸುಳ್ಳಾಡುತ್ತಿರಲಿಲ್ಲ. ಅದೇ ತಲೆನೋವು. ಸುಳ್ಳುಗಾರನಾಗಿದ್ದರೆ ಕಪಾಳಕ್ಕೆ ಕೊಟ್ಟು ಬರಬಹುದಿತ್ತು.

ಅತ್ತಿಗೆ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕುಳಿತಳು. "ಬರಿ. ನಾನು ಹೇಳ್ತೀನಿ."

ಸಂಜೆಯವರೆಗೂ ಬರೆಸಿದಳು. ಚಲನಶೀಲತೆ ಎಂದವನಿಗೆ "ಗಾಲಿ ಅಂತ ಬರಿ" ಎಂದಳು. ಮಾನವ ಸಂಪನ್ಮೂಲ ಎಂದಾಗ "ಜನ" ಎಂದಳು. ಷರತ್ತನ್ನು ಮೊದಲ ಸಾಲಿಗೆ ತಂದಳು, ಮಂಡಿಯನ್ನು ಹೊಡೆದುಹಾಕಿಸಿದಳು, ಎಲ್ಲಕ್ಕಿಂತ ಮೇಲೆ ಕಾರ್ಖಾನೆಯ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿದಳು. ಆ ಒಂದು ಪದ ಬರೆಯುವ ಮುನ್ನ ಅವನು ಎದ್ದು ಹೋಗಿ, ಎಳೆದಿದ್ದ ಪರದೆಯನ್ನೇ ಇನ್ನೊಮ್ಮೆ ಎಳೆದು ಬಂದ.

"ಯಾರೂ ಬರಲ್ಲ ಅತ್ತಿಗೆ," ಎಂದ.

"ಬರ್ದಿದ್ರೆ ಬೇಡ."

ಆ ಮೂರನೆಯ ಮಹಡಿಯಿಂದ ಇಳಿದ ಮೇಲೆ ಅವಳು ಮನೆಗೆ ಹೋಗದೆ ನೇರ ಕಾರ್ಖಾನೆಯ ಹಾಲ್‌ಗೆ ಬಂದು, ಯಂತ್ರ ನಿಲ್ಲಿಸಿ, ಕಾರ್ಖಾನೆ ಮಾರಾಟಕ್ಕಿದೆ, ಇಂಥ ಷರತ್ತಿನ ಮೇಲಿದೆ ಎಂದು ತಾನೇ ಬಾಯಿಬಿಟ್ಟು ಹೇಳಿದಳು. ಯಾರೂ ಓಡಿಹೋಗಲಿಲ್ಲ. ಒಬ್ಬಾತ, "ಹೊಸ ಮಾಲೀಕರು ಫ್ಯಾನ್ ಹಾಕಿಸ್ತಾರಾ?" ಎಂದು ಕೇಳಿದ, ಅಷ್ಟೇ.

ಹಳೆಯ ಹಾಳೆಗೆ ತಲೆದೂಗಿದ್ದ ಪಾರ್ಟಿಗಳೆಲ್ಲ ಹೊಸದನ್ನು ಕಂಡು ಕಾಲ್ತೆಗೆದವು. ಉಳಿದದ್ದು ಸಾಮಾನು ಬಂಡಿ ತಯಾರಿಸುವ ಒಂದು ಚಿಕ್ಕ ಕಂಪನಿ. ಅದರ ಒಡೆಯ ಬಂದು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಗಾಲಿಯೊಂದನ್ನು ಉರುಳಿಸಿ ನೋಡಿ, ಇದನ್ನು ಮಾಡಿದವರು ಇಲ್ಲೇ ಇರುತ್ತಾರೆಂದರೆ ಮಾತ್ರ ತನಗೆ ಬೇಕೆಂದ. ಸಿಗಬಹುದಾಗಿದ್ದಕ್ಕಿಂತ ಬೆಲೆ ಬಹಳ ಕಡಿಮೆಯೇ ಬಂತು. ಹಾಲ್ ಉಳಿಯಿತು, ಜನ ಉಳಿದರು. ಪತ್ರಕ್ಕೆ ಸಹಿ ಬೀಳುವ ದಿನ ಮೈದುನ ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿ, "ಇದು ನಮ್ಮ ಪದ್ಧತಿಯಲ್ಲ. ನಾನೇನೂ ಹೇಳಿಲ್ಲ," ಎಂದ. ಅತ್ತಿಗೆ ಹಣೆ ಚಚ್ಚಿಕೊಂಡಳು.

ಇಂಥವರು ಲೋಕದಲ್ಲಿ ಬಹಳ. ಗಾಜಿನ ಗೋಪುರದವರಿರಲಿ, ನಡುಗಾತ್ರದವರಿರಲಿ, ಕೆಟ್ಟ ಲಿಫ್ಟಿನ ಮೂರನೆಯ ಮಹಡಿಯವರಿರಲಿ, ಬಗೆ ಬೇರೆಯಾದರೂ ಇವರ ಸ್ವಭಾವ ಒಂದೇ. ವಂಚಕರಲ್ಲ, ಕೊಟ್ಟ ಗುಟ್ಟನ್ನು ಪ್ರಾಣದಂತೆ ಕಾಯುವ ಸಜ್ಜನರು. ಆದರೆ ಮನುಷ್ಯನೆಂದರೆ ಅವನ ಹೆಸರು ಎಂದು ಎಲ್ಲೋ ಕಲಿತುಬಿಟ್ಟಿರುತ್ತಾರೆ. ಹೆಸರಿಗೆ ಮುಸುಕು ಹಾಕಿದರೆ ಸಾಕು, ಉಳಿದದ್ದನ್ನು, ನೋವನ್ನು, ನರೆತ ತಲೆಗಳನ್ನು, ಸಂಸಾರದ ಆತುರವನ್ನು, ಊರ ಮುಂದೆ ಹರವಿ ಬೆಲೆ ಕಟ್ಟಿಸಿ, ಯಾರಿಗೂ ಏನೂ ಕೇಡು ಮಾಡಲಿಲ್ಲವೆಂದು ನೆಮ್ಮದಿಯಾಗಿ ನಿದ್ದೆಹೋಗುತ್ತಾರೆ. ಅವರನ್ನು ದ್ವೇಷಿಸಲು ಬಾರದು, ಹಾಗೆಂದು ನೆಚ್ಚಿ ಕೂರಲೂ ಆಗದು. ಕೆಲಸ ಕೊಡುವುದೇ ಆದರೆ, ಅವರು ಬರೆಯುವಾಗ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರಬೇಕು.